ಮೂರು ಚಪ್ಪಾಳೆ

ನಮ್ಮ ಲಿಂಗಂಪಲ್ಲಿಯ ಅಪಾರ್ಟ್‌ಮೆಂಟಿನಲ್ಲಿ ಪಾರಿವಾಳಗಳದೇ ರಾಜ್ಯಭಾರ. ಪಕ್ಕದ ಮನೆಯ ಆಂಟಿ ದಿನವೂ ಬಾಲ್ಕನಿಗೆ ಬಂದು ಚಪ್ಪಾಳೆ ತಟ್ಟಿ ಅವನ್ನು ಓಡಿಸುತ್ತಾರೆ. ಇವತ್ತು ಬೆಳಿಗ್ಗೆ ಮೂರು ಸಲ ತಟ್ಟಿದರು. ದೋಸೆಯನ್ನು ಕಾವಲಿಯ ಮೇಲೇ ಬಿಟ್ಟು ನಾನು ಒಳಕೋಣೆಗೆ ಓಡಿದೆ. ಅಲ್ಲಿ ಯಾರಿದ್ದಾರೆ? ಬರೀ ಮಂಚ. ದೋಸೆ ಸೀದು ಹೋಯಿತು.

ಆ ಮಂಚ ನನ್ನ ಕಾಕಾನದು. ಅಪ್ಪನ ತಮ್ಮ, ಮದುವೆಯಾಗದವನು, ನಾಂಪಲ್ಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ. ಹುಟ್ಟಿದ್ದು ರಾಯಚೂರಿನ ಗುಡ್ಡದ ಕೋಟೆಯ ಬುಡದಲ್ಲಿ. ಅದಕ್ಕೇ ಏನೋ, ವಾರವೆಲ್ಲ ಫೈಲುಗಳಲ್ಲಿ ಮುಳುಗಿರುತ್ತಿದ್ದ ಮನುಷ್ಯನಿಗೆ ಭಾನುವಾರ ಬಂತೆಂದರೆ ಕೋಟೆ ಮೈಮೇಲೆ ಬರುತ್ತಿತ್ತು. ಬೇರೆ ಮಕ್ಕಳು ಸಿನಿಮಾಕ್ಕೆ ಹೋದರೆ ನಾನು ಗೋಲ್ಕೊಂಡಕ್ಕೆ. ಅಲ್ಲಿ ಕೆಳಗಿನ ಬಾಗಿಲಲ್ಲಿ ಚಪ್ಪಾಳೆ ತಟ್ಟಿದರೆ ಗುಡ್ಡದ ನೆತ್ತಿಗೆ ಕೇಳುತ್ತದಲ್ಲ, ನಿಮಗೂ ಯಾರಾದರೂ ಗೈಡು ತೋರಿಸಿರಬಹುದು. ಗೈಡಿಗೆ ಅದು ತಮಾಷೆ. ಕಾಕಾ ಮಾತ್ರ ಅದಕ್ಕೊಂದು ಕಾನೂನನ್ನೇ ಮಾಡಿದ್ದ.

“ಒಂದು ಹೊಡದ್ರ ನಮ್ಮವರು ಬಂದ್ರು. ಎರಡು ಹೊಡದ್ರ ವೈರಿ. ಮೂರು ಹೊಡದ್ರ, ಇನ್ನ ತಡಿಯಾಕ ಆಗವಲ್ದು, ದಂಡು ಕಳಸ್ರಿ ಅಂತ. ತಿಳೀತೇನವ್ವಾ?”

ನಾನು ಏದುಸಿರು ಬಿಡುತ್ತ ಮೇಲೆ ಹತ್ತಿ, ಅವನು ಕೆಳಗಿನಿಂದ ತಟ್ಟಿದ್ದು ಕೇಳಿದ ಕೂಡಲೇ ಅವನ ಬಿಳಿ ಟವೆಲ್ ಬೀಸಬೇಕು. ಒಮ್ಮೆ ಐಸ್‌ಕ್ರೀಮ್ ತಿನ್ನುತ್ತ ಮರೆತೆ. ಬೆವರು ಸುರಿಸುತ್ತ ಹತ್ತಿ ಬಂದವನು ಬೈಯಲಿಲ್ಲ.

“ಗಡಿ ಕೋಟಿ ಅಂದ್ರ ಗೆಲ್ಲಾಕಲ್ಲವ್ವಾ. ಹಿಂದಿಂದ ದಂಡು ಬರೂತನಕ ವೈರಿನ್ನ ತಡದು ನಿಲ್ಲಸಾಕ. ನಮ್ಮ ರಾಯಚೂರಿಗೆ ಹೊಳಿ ಆಚಿನವರೂ ಮುತ್ತಿದ್ರು, ಈಚಿನವರೂ ಮುತ್ತಿದ್ರು. ಗೋಡಿ ಭಾಳ ಗಟ್ಟಿ ಐತಿ. ಆದ್ರ ದಂಡು ಬರಲಿಲ್ಲಂದ್ರ ಗೋಡಿ ಏನ್ ಮಾಡ್ತೈತಿ?”

ಹೂಂ ಎಂದೆ. ನನ್ನ ಗಮನವೆಲ್ಲ ಮೊಣಕೈಗೆ ಇಳಿಯುತ್ತಿದ್ದ ಐಸ್‌ಕ್ರೀಮಿನ ಮೇಲಿತ್ತು.

ಎರಡು ವರ್ಷದ ಹಿಂದೆ ಲಕ್ವ ಹೊಡೆದು ಕಾಕಾನ ಬಲಗೈಯೂ ಮಾತೂ ಹೋದವು. ನನ್ನ ಮನೆಗೇ ಕರೆತಂದೆ. ಎಡಗೈಯಿಂದ ತೊಡೆಗೆ ಬಡಿದು ಕರೆಯುತ್ತಿದ್ದ: ನೀರಿಗೆ ಮೂರು, ಪೇಪರಿಗೆ ಮೂರು, ಫ್ಯಾನಿಗೂ ಮೂರು. ಮೊದಮೊದಲು ಓಡಿ ಹೋಗಿ, ಟವೆಲ್ ಬೀಸಿ ನಗಿಸುತ್ತಿದ್ದೆ. ಬರಬರುತ್ತ “ಬಂದೆ ಕಾಕಾ” ಎಂದು ಕೂತಲ್ಲಿಂದಲೇ ಕೂಗುವುದು, ಹತ್ತು ನಿಮಿಷದ ಮೇಲೆ ಏಳುವುದು ರೂಢಿಯಾಯಿತು.

ಅವತ್ತು ಮಧ್ಯಾಹ್ನ ಮಾದಾಪುರದ ನನ್ನ ಆಫೀಸಿನ ಮೀಟಿಂಗು. ಮನೆಯಲ್ಲೇ ಲ್ಯಾಪ್‌ಟಾಪಿನ ಮುಂದೆ ಕೂತಿದ್ದೆ. ಮೂರು ಸಲ ಬಡಿದದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಮತ್ತೆ ಮೂರು. ಸದ್ದು ಮೈಕಿಗೆ ಹೋದೀತೆಂದು ಎದ್ದು ನನ್ನ ಕೋಣೆಯ ಬಾಗಿಲು ಹಾಕಿಕೊಂಡೆ. ಎದ್ದಿದ್ದೆ ನೋಡಿ. ಬಾಗಿಲ ತನಕ ಹೋಗಿದ್ದೆ. ಅಲ್ಲಿಂದ ಅವನ ಮಂಚಕ್ಕೆ ಹತ್ತು ಹೆಜ್ಜೆ.

ಮೀಟಿಂಗು ಮುಗಿಸಿ ಹೋದಾಗ ಕಾಕಾನ ಉಸಿರು ನಿಂತಿತ್ತು. ಪಕ್ಕದ ಲೋಟದಲ್ಲಿ ನೀರು ತುಂಬಿತ್ತು. ಎಡಗೈ ತೊಡೆಯ ಮೇಲಿತ್ತು, ತೊಡೆ ಕೆಂಪಾಗಿತ್ತು. ಎಷ್ಟು ಸಲ ಬಡಿದನೋ ಯಾರಿಗೆ ಗೊತ್ತು.

ನೀವು ಕೂಡಲೇ ಹೋಗಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದರು ಡಾಕ್ಟರು. ಇರಬಹುದು. ಕೋಟೆ ಹೇಗೂ ಬೀಳುತ್ತಿತ್ತು ಎಂದುಕೊಂಡರೆ ಸಮಾಧಾನವಾಗುತ್ತದೆಯೇ? ಅವನು ತಡೆದಷ್ಟು ತಡೆದ. ದಂಡು ನಾನು. ನಾನು ಹೋಗಲಿಲ್ಲ.

ಸೀದ ದೋಸೆ ಕೆರೆಯುತ್ತಿದ್ದಾಗ ಆಂಟಿ ಮತ್ತೆ ತಟ್ಟಿದರು. ಮಂಚದ ಮೇಲಿನ ಬಿಳಿ ಟವೆಲ್ ಎತ್ತಿಕೊಂಡು ಬಾಲ್ಕನಿಗೆ ಹೋಗಿ, ಕೈ ಸೋಲುವ ತನಕ ಬೀಸಿದೆ.

“ಪಾರಿವಾಳ ಓಡಿಸಲಿಕ್ಕಾ ಅಮ್ಮಾ?” ಎಂದು ತೆಲುಗಿನಲ್ಲಿ ಕೇಳಿದರು ಆಂಟಿ.

ಹೌದು ಎಂದೆ. ಪಾರಿವಾಳಗಳು ಆಗಲೇ ಹೋಗಿದ್ದವು.