ವಿಷವಿಲ್ಲದ ಒಂದು ಮೀನು

ಮೀನು ರುಬ್ಬಿ ಅದರಲ್ಲಿರುವ ಕೀಟನಾಶಕ ಅಳೆಯೋದು ನಮ್ಮ ದೊಡ್ಡಪ್ಪನ ಲ್ಯಾಬಿನ ಕೆಲಸ. ಹೋಲಿಸಿ ನೋಡಲು ವಿಷದ ಸೋಂಕಿಲ್ಲದ ಒಂದು ಮೀನು ಬೇಕೇ ಬೇಕು. ಅಂಥದ್ದು ಅವರಿಗೆ ಸಿಕ್ಕಿದ್ದು ಒಂದೇ ಸಲ. ಅದನ್ನೇ ಫ್ರೀಜರಿನಲ್ಲಿಟ್ಟು, ಚಿಟಿಕೆ ಚಿಟಿಕೆ ಬಳಸಿ, ಹನ್ನೊಂದು ವರ್ಷ ದೂಡಿದರು. ಮೊನ್ನೆ ಅದೂ ಮುಗಿಯಿತು. ಐದು ಮಾರ್ಕೆಟ್ಟು ಸುತ್ತಿ ತಂದ ಮೀನುಗಳಲ್ಲಿ ಒಂದೂ ಶುದ್ಧವಿರಲಿಲ್ಲ.

"ಇರೋದ್ರಲ್ಲಿ ವಿಷ ಕಡಿಮೆ ಇರೋದನ್ನೇ ಶುದ್ಧ ಅಂತ ಬರ್ಕೊಳ್ರೀ, ತಲೆ ತಿನ್ಬೇಡಿ," ಅಂದ ಆ ಮಹಾನುಭಾವ ಮೇಲಧಿಕಾರಿ.

ದೊಡ್ಡಪ್ಪ ಹಲ್ಲು ಕಚ್ಚಿಕೊಂಡು ಬರೆದರು. ಆ ಮೀನಿನಲ್ಲಿದ್ದ ವಿಷವನ್ನೇ ಸೊನ್ನೆ ಅಂತ ಹಿಡಿದ ಮೇಲೆ, ಬೇರೆ ಮೀನುಗಳಲ್ಲಿ ಅಷ್ಟು ವಿಷ ಲೆಕ್ಕಕ್ಕೇ ಬರಲಿಲ್ಲ. ಮಾರ್ಕೆಟ್ಟಿನ ಮೀನೆಲ್ಲ ಪಾಸು.

ಭಾನುವಾರ ದೊಡ್ಡಮ್ಮ ಬಡಿಸಿದ ಮೀನನ್ನು ಅವರು ತಟ್ಟೆಯಂಚಿಗೆ ತಳ್ಳಿದರು.

"ಯಾಕ್ರೀ? ಈ ಸಲ ಎಲ್ಲಾ ಪಾಸಾಗಿದೆ ಅಂತ ನೀವೇ ಸಹಿ ಹಾಕಿದ್ರಲ್ಲ!"

ದೊಡ್ಡಪ್ಪ ಮೀನನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.