ಹಲಗೆಯ ಮೇಲಿನ ಮಣ್ಣು

ಆಯಿಯನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಮೀನಖಂಡದವರೆಗೆ ಕೆಸರು ಮೆತ್ತಿದ ಅವಳ ಕಾಲುಗಳು. ಹಿಮ್ಮಡಿಯ ಬಿರುಕಿನಲ್ಲಿ ಕೂತ ಮಣ್ಣು ತೊಳೆದರೂ ಹೋಗುತ್ತಿರಲಿಲ್ಲ.

ಮಕ್ಕಳೇ, ಎಪ್ಪತ್ತರ ದಶಕದಲ್ಲಿ ನಾನೂ ನಿಮ್ಮ ಅಜ್ಜನೂ ಸಿಂದಗಿಯಲ್ಲಿ ಅವಳ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗಿದ್ದೆವು. ಕೆಳಗೆ ಮನೆಯೊಡತಿ ಆಯಿ ಒಬ್ಬಳೇ; ಓಣಿಯವರೆಲ್ಲ ಆ ಮುದುಕಿಯನ್ನು ಕರೆಯುತ್ತಿದ್ದುದೇ ಹಾಗೆ. ನಡುವೆ ಇದ್ದದ್ದು ಬರೀ ಹಲಗೆ. ಅದರ ಸಂದುಗಳಿಂದ ಅವಳ ಒಲೆಯ ಬಿಸಿ ಮೇಲೇರುತ್ತಿತ್ತು; ಚಳಿಯ ದಿನಗಳಲ್ಲಿ ಅಲ್ಲಿ ಪಾದ ಊರಿ ಕೂರುವುದೇ ನನಗೊಂದು ಸುಖ. ನಮ್ಮ ಮಾತು ಕೆಳಗಿಳಿಯುತ್ತದೆ ಎಂಬುದು ಮಾತ್ರ ಹೊಳೆದಿರಲಿಲ್ಲ.

ಒಂದು ದಿನ ಆಯಿಯ ಪಡಸಾಲೆಯಲ್ಲಿ ಓಣಿಯ ಹೆಂಗಸರು ಬೆಳಗಿನಿಂದ ಜೋಳ ಹಸನು ಮಾಡುತ್ತಿದ್ದರು. ನಾನು ನೀರು ತರಲು ಕೆಳಗಿಳಿದೆ. ಒಬ್ಬಳು ನಿಮ್ಮ ಅಜ್ಜನ ದನಿ ಮಾಡಿ, "ಇದೇನ್ ರೊಟ್ಟಿನೋ, ಚಪ್ಪಲಿ ಅಟ್ಟಿನೋ?" ಎಂದಳು. ಸ್ವಲ್ಪ ಮೊದಲು ಮೇಲೆ ಉಣ್ಣುವಾಗ ಅಜ್ಜ ನನಗೆ ಅಂದ ಮಾತೇ ಅದು. ಎಲ್ಲರೂ ನಕ್ಕರು. ಆಯಿ ನಗಲಿಲ್ಲ. ಕೊಡ ತುಂಬದೆಯೇ ಓಡಿ ಬಂದೆ. ಅಂದಿನಿಂದ ಮನೆಯೊಳಗೂ ಪಿಸುಮಾತೇ.

ಆ ವಾರವೇ ಆಯಿ ಮೇಲೆ ಬಂದಳು.

"ಹಾಸಗಿ ಸುತ್ತಿಡವಾ. ಹಲಗಿ ಮ್ಯಾಲ ಮಣ್ಣ ಹಾಕ್ತೇನಿ. ಚಳಿಗೆ ನನ್ನ ಮಣಕಾಲ ಹಿಡೀತಾವು. ಒಲಿ ಬಿಸಿ ಎಲ್ಲಾ ನಿನ್ನ ಮನಿಗೇ ಏರಾಕತ್ತೈತಿ."

ಅಂಗಳದಲ್ಲಿ ಮಣ್ಣಿಗೆ ಹೊಟ್ಟು ಬೆರೆಸಿ ತಾನೇ ತುಳಿದಳು. ಮಧ್ಯಾಹ್ನ ಅಜ್ಜ ಊಟಕ್ಕೆ ಬಂದಾಗ ಸಿಟ್ಟಿನಲ್ಲಿ ನಾನು ಹಲಗೆಯನ್ನೇ ಮರೆತು ಗಟ್ಟಿಯಾಗಿ ಅಂದೆ:

"ನೋಡ್ರಿ, ಒಲಿ ಬಿಸಿಗೂ ಹೊಟ್ಟಿಕಿಚ್ಚ ಈ ಮುದುಕಿಗೆ! ಸಾಯೂವಾಗ ಹೊತ್ಕೊಂಡ ಹೋಗ್ತಾಳೇನ್?"

ಕೆಳಗೆ ಪಾತ್ರೆ ತಿಕ್ಕುವ ಸಪ್ಪಳ ಥಟ್ಟನೆ ನಿಂತಿತು.

ಸ್ವಲ್ಪ ಹೊತ್ತಿಗೆ ಅವಳು ಮಣ್ಣಿನ ಬುಟ್ಟಿ ಹೊತ್ತು ಮೆಟ್ಟಿಲೇರಿ ಬಂದಳು. ತೊಗರಿ ಕಟ್ಟಿಗೆ ಹಾಸಿ, ಮೇಲೆ ದಪ್ಪಗೆ ಮಣ್ಣು ಮೆತ್ತಿದಳು. "ಮೂಲಿಗೂ ಒತ್ತವಾ, ಸಂದು ಉಳೀಬಾರ್ದು" ಎಂದಳು. ನಾನು ತಲೆ ತಗ್ಗಿಸಿಯೇ ಒತ್ತಿದೆ.

ನೆಲ ಒಣಗಿದ ಮೇಲೆ ನಮ್ಮ ಮಾತು ನಮ್ಮಲ್ಲೇ ಉಳಿಯಿತು. ಬೇಸಿಗೆಯಲ್ಲಿ ಬಿಸಿಗೂ ಹೊಗೆಗೂ ದಾರಿಯಿಲ್ಲದೆ ಅವಳ ಅಡುಗೆಮನೆ ಕಾದು ಹೋಯಿತು. ಆಯಿ ಒಲೆಯನ್ನು ಹಿತ್ತಲಿಗೆ ತಂದಳು. ಮತ್ತೆ ಚಳಿ ಬಂದರೂ ಒಳಗೆ ಒಯ್ಯಲಿಲ್ಲ.

"ಥಂಡ್ಯಾಗ ಕುಂತೀರಿ. ಮಣಕಾಲ ಹೆಂಗ ಅದಾವ ಆಯಿ?" ಎಂದೆ.

"ಯಾವ ಮಣಕಾಲವಾ?" ಎನ್ನುತ್ತ ಕುಕ್ಕರಗಾಲಲ್ಲಿ ಕೂತಿದ್ದವಳು ಸರಕ್ಕನೆ ಎದ್ದು ನಿಂತಳು. ನಿಂತ ಮೇಲೆ, ಮಣ್ಣು ಹಾಕುವಾಗ ಹೇಳಿದ ನೆಪ ನೆನಪಾಗಿ ನಕ್ಕಳು.

ನನ್ನದು ತಪ್ಪಾಯಿತು ಎನ್ನಲು ಆಗಲೂ ಬಾಯಿ ಬರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಲೇ ಇದ್ದೆ.

ಅವಳು ತೀರಿಕೊಂಡ ಬೆಳಿಗ್ಗೆ ಓಣಿಯ ಹೆಂಗಸರೆಲ್ಲ ಕೆಳಗೆ ಅಳುತ್ತಿದ್ದರಂತೆ. ನಾನು ಮೇಲೆ ರೊಟ್ಟಿ ಬಡಿಯುತ್ತಿದ್ದೆ. ಯಾರೋ ಬಂದು ಬಾಗಿಲು ತಟ್ಟುವವರೆಗೆ ನನಗೇನೂ ಕೇಳಿಸಲಿಲ್ಲ. ಅಷ್ಟು ಹಸನಾಗಿ ಮೆತ್ತಿದ್ದಳು.