ಕಣ್ಣು ತೆರೆಸುವ ಕೃಷ್ಣಾನಂದ

ಕುಮಟೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸ್ಟುಡಿಯೋ ಇಟ್ಟಿದ್ದ ಕೃಷ್ಣಾನಂದನನ್ನು ಮದುವೆಗೆ ಯಾರೂ ಕರೆಯುತ್ತಿರಲಿಲ್ಲ. ಅವನ ಹೆಸರು ನಡೆಯುತ್ತಿದ್ದದ್ದು ಸತ್ತವರ ಕಣ್ಣು ತೆರೆಸುವುದರಲ್ಲಿ. ಬದುಕಿದ್ದಾಗ ಒಂದು ಫೋಟೋವನ್ನೂ ತೆಗೆಸಿಕೊಳ್ಳದ ಮುದುಕಿಯನ್ನು ಹೆಣವಾದ ಮೇಲೆ ಗೋಡೆಗೆ ಒರಗಿಸಿ ಕೂರಿಸುತ್ತಿದ್ದರು. ಈತ ಹೋಗಿ ಫೋಟೋ ಹೊಡೆದು, ಕಂಪ್ಯೂಟರಿನಲ್ಲಿ ಮುಚ್ಚಿದ ರೆಪ್ಪೆ ಅಳಿಸಿ, ಕಣ್ಣು ಕೂರಿಸಿ, ಹನ್ನೆರಡನೇ ದಿನದೊಳಗೆ ಕಟ್ಟು ಹಾಕಿ ಕೊಡುತ್ತಿದ್ದ. ಮನೆಯವರು ನೋಡಿ ಅಳುತ್ತಿದ್ದರು.

"ಕಣ್ಣು ಅವ್ರದ್ದೇ. ನಾ ರೆಪ್ಪೆ ಎತ್ತಿದ್ದು ಅಷ್ಟೇ" ಎನ್ನುತ್ತಿದ್ದ.

ಹಸಿ ಸುಳ್ಳು. ಗಂಡಸರಿಗೆಲ್ಲ ತನ್ನ ಕಣ್ಣು, ಹೆಂಗಸರಿಗೆಲ್ಲ ಹೆಂಡತಿ ವನಮಾಲಾಳ ಕಣ್ಣು.

ಮದುವೆಯಾದ ಹೊಸತರಲ್ಲಿ ಅವಳು ಧಾರೆ ಸೀರೆ ಉಟ್ಟು, ಅಬ್ಬಲಿಗೆ ಮುಡಿದು, ಸ್ಟುಡಿಯೋಗೆ ಬಂದು ಸ್ಟೂಲಿನ ಮೇಲೆ ಕೂತಿದ್ದಳು. ಸೀರೆಯ ಅಂಚು ಕಾಣುವಂಥ ಒಂದು ಪೂರ್ತಿ ಫೋಟೋ ಅವಳಿಗೆ ಬೇಕಿತ್ತು. ಇವನು ಲೆನ್ಸನ್ನು ಮೂಗಿನ ಹತ್ತಿರ ತಂದು, ನೇರ ನೋಡು, ಎಡಕ್ಕೆ ನೋಡು, ಕೆಳಗೆ ನೋಡು ಎಂದು ಹನ್ನೊಂದು ಸಲ ಒತ್ತಿದ. ಕಣ್ಣಷ್ಟನ್ನೇ ಕತ್ತರಿಸಿ ಇಟ್ಟುಕೊಂಡ.

"ಮತ್ತೆ ಸೀರೆದು?" ಎಂದಳು.

"ನಿಂಗೆ ಎಂತಕ್ಕೆ ಫೋಟೋ? ದಿನಾ ಎದ್ರಿಗೇ ಇರ್ತೆ."

ಕೆಲವು ವರ್ಷಗಳ ನಂತರ ನೆರೆಮನೆಯ ಜಯಂತಿ ತೀರಿಕೊಂಡಳು. ಅವಳ ಹನ್ನೆರಡಕ್ಕೆ ಹೋದ ವನಮಾಲಾ ಗೋಡೆಯತ್ತ ಕತ್ತೆತ್ತಿದರೆ, ಜಯಂತಿಯ ಮುಖದೊಳಗಿಂದ ತಾನೇ ತನ್ನನ್ನು ನೋಡುತ್ತಿದ್ದಳು. ಊಟ ಬಿಟ್ಟು ಎದ್ದು ಬಂದಳು.

"ಹೌದಾ, ನಾ ಎಷ್ಟು ಮನೇಲಿ ಸತ್ತಿದ್ದೆ?" ಎಂದು ಗಂಡನನ್ನು ಕೇಳಿದಳು.

ಕೃಷ್ಣಾನಂದ ನಕ್ಕುಬಿಟ್ಟ. ಆಮೇಲೆ ಅವಳು ಯಾವ ಕ್ಯಾಮರಾಕ್ಕೂ ಮುಖ ಕೊಡಲಿಲ್ಲ. ಮಗಳು ಸುಚಿತಾ ಮೊಬೈಲ್ ಎತ್ತಿದರೂ ಅಂಗೈ ಅಡ್ಡ. ಮದುವೆಯ ಆಲ್ಬಮ್ ಅಷ್ಟರಲ್ಲಿ ಗೆದ್ದಲಿನ ಪಾಲಾಗಿತ್ತು. ಸುಚಿತಾ ನಡೆಯಲು ಕಲಿಯುವ ಮೊದಲೇ ದಪ್ಪ ಕನ್ನಡಕ ಬಂದಿತ್ತು. ಅದರ ಹಿಂದೆ ಅವಳ ಕಣ್ಣು ಹೇಗಿತ್ತೆಂದು ಊರು ಮರೆಯಿತು, ಮಗಳಿಗಂತೂ ಗೊತ್ತೇ ಆಗಲಿಲ್ಲ.

ಕಳೆದ ಶ್ರಾವಣದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕುಸಿದವಳು ಆಸ್ಪತ್ರೆ ಮುಟ್ಟುವ ಮೊದಲೇ ಹೋದಳು. ಹೆಣ ಅಂಗಳದಲ್ಲಿದ್ದಾಗ ಕೃಷ್ಣಾನಂದನ ಕೈ ಅಭ್ಯಾಸಬಲದಿಂದ ಕ್ಯಾಮರಾಕ್ಕೆ ಹೋಯಿತು. ಭಟ್ಕಳದಲ್ಲಿ ಟೀಚರಾಗಿದ್ದ ಸುಚಿತಾ ಬಂದವಳೇ ಅದನ್ನು ಕಿತ್ತು ಪಕ್ಕಕ್ಕಿಟ್ಟಳು.

"ಅಮ್ಮಂಗೆ ಒಂದು ಸರಿ ಫೋಟೋ ಮಾಡು. ಬೇರೆಯವ್ರ ಕಣ್ಣು ಅಂಟ್ಸಿದ್ರೆ ನಾ ಈ ಮನೆ ಮೆಟ್ಲು ಹತ್ತೂದಿಲ್ಲ" ಎಂದಳು. ಅಪ್ಪನ ಸುಳ್ಳು ಅವಳಿಗೆ ಗೊತ್ತಿತ್ತು. ಕಣ್ಣು ಯಾರದೆಂದು ಮಾತ್ರ ಅಮ್ಮ ಹೇಳಿರಲಿಲ್ಲ.

ಉಳಿದಿದ್ದದ್ದು ವೋಟಿನ ಗುರುತುಚೀಟಿಯೊಂದೇ. ಅದರಲ್ಲೂ ಫೋಟೋ ತೆಗೆಯುವವನು ಕ್ಲಿಕ್ಕಿಸುವಾಗ ಇವಳು ಕನ್ನಡಕ ತೆಗೆದು ರೆಪ್ಪೆ ಮುಚ್ಚಿದ್ದಳು. ಕೃಷ್ಣಾನಂದ ಆ ಮುಖ ದೊಡ್ಡದು ಮಾಡಿ, ಅಂದು ಕತ್ತರಿಸಿಟ್ಟಿದ್ದ ಅವಳದೇ ಕಣ್ಣು ಇಟ್ಟ. ಮೂರು ದಿನ ಕೂತು ಸುತ್ತ ಸುಕ್ಕು ಕೂರಿಸಿದ. ಈ ಒಂದು ಸಲ ಸುಳ್ಳಿಲ್ಲ ಎಂಬ ಸಮಾಧಾನ ಅವನಿಗೆ. ಆದರೆ ದಿನವಿಡೀ ನೋಡುತ್ತ ನೋಡುತ್ತ ತಿಳಿಯಿತು, ಆ ಕಣ್ಣು ಇನ್ನೂ ಸೀರೆಯ ಫೋಟೋಕ್ಕಾಗಿ ಕಾಯುತ್ತಿತ್ತು. ಆಗ ಅತ್ತ, ಗಟ್ಟಿಯಾಗಿಯೇ ಅತ್ತ.

ಹನ್ನೆರಡನೇ ದಿನ ಸುಚಿತಾ ಫೋಟೋಕ್ಕೆ ಹಾರ ಹಾಕಿದಳು. ತುಸು ಹೊತ್ತು ನೋಡಿ, "ಚೊಲೋ ಆತು ಅಪ್ಪಾ" ಎಂದಳು. ಅವನಿಗೆ ಜೀವ ಬಂದಂತಾಯಿತು.

ಅಷ್ಟರಲ್ಲಿ ಪಕ್ಕದ ಬಾಡ ಊರಿನಿಂದ ತರಕಾರಿ ತರುವ ನಾಗಮ್ಮ ಬಂದಳು. ಕೈಮುಗಿಯಲು ಹೋದವಳು ಹಾಗೇ ನಿಂತಳು.

"ಇದೆಂತ ಒಡೆಯಾ? ನಮ್ಮತ್ತೆ ಕಣ್ಣ ಅಮ್ಮಂಗೆ ಹಾಕೀರಿ? ನೀವೇ ಮಾಡ್ಕೊಟ್ಟ ಫೋಟೋಕ್ಕೆ ದಿನಾ ದೀಪ ಹಚ್ಚೂಕೆ ನಿಂತು ಕಾಣ್ತೆ, ನಂಗೆ ಗುತ್ತಿಲ್ವ?"

ಬಡಿಸುತ್ತಿದ್ದವರ ಕೈ ನಿಂತಿತು. ಸುಚಿತಾ ಅಪ್ಪನತ್ತ ತಿರುಗಿದಳು.

"ಕಣ್ಣು ಅವ್ಳದ್ದೇ" ಎಂದ ಕೃಷ್ಣಾನಂದ. ಊರಿನ ಪ್ರತಿ ಸಾವಿನ ಮನೆಯಲ್ಲೂ ಹೇಳಿದ ಅದೇ ಮಾತು, ಅದೇ ದನಿ.

ನಾಗಮ್ಮ ನಂಬದೆ ಮುಖ ತಿರುಗಿಸಿಕೊಂಡಳು. ಅವನು ಮಗಳ ಕೈ ಹಿಡಿದು ಕಂಪ್ಯೂಟರಿನ ಮುಂದೆ ಕೂರಿಸಿ, ಕತ್ತರಿಸಿಟ್ಟ ಮೂಲವನ್ನು ತೆರೆದು ತೋರಿಸಿದ. ಹಣೆಯಿಲ್ಲ, ಬಾಯಿಲ್ಲ, ಬರೀ ಎರಡು ಕಣ್ಣು. ಕೆಳಗೆ ಅವನೇ ಇಪ್ಪತ್ನಾಲ್ಕು ವರ್ಷದ ಹಿಂದೆ ಆ ಫೈಲಿಗೆ ಇಟ್ಟ ಹೆಸರು: 'ಹೆಂಗಸು ೧'.

ಸುಚಿತಾ ಅದನ್ನು ಓದಿದಳು. ಎದ್ದು ಹೋಗಿ ಹಾರ ತೆಗೆದಳು, ಫೋಟೋವನ್ನು ಗೋಡೆಗೆ ಮುಖ ಮಾಡಿ ಕೆಳಗಿಟ್ಟಳು, ಎರಡು ಗಂಟೆಯ ಭಟ್ಕಳ ಬಸ್ಸು ಹತ್ತಿದಳು. ಮತ್ತೆ ಬಂದಿಲ್ಲ. ಅವಳು ತಿರುಗಿಸಿಟ್ಟ ಫೋಟೋವನ್ನು ಅವನೂ ಮುಟ್ಟಿಲ್ಲ.

ಈಗ ಹೆಂಡತಿಯನ್ನು ಕಾಣಬೇಕೆನಿಸಿದರೆ ಕೃಷ್ಣಾನಂದ ಬಾಡದ ನಾಗಮ್ಮನ ಮನೆಗೆ ಹೋಗಿ, ಗೋಡೆಯ ಮೇಲಿನ ಅವಳ ಅತ್ತೆಯನ್ನು ನೋಡುತ್ತ ಕೂರುತ್ತಾನೆ. ನಾಗಮ್ಮ ಚಾ ಕೊಡುತ್ತಾಳೆ.

"ನಮ್ಮತ್ತೆ ಇದ್ದಾಗ ಒಂದಿನಾನೂ ಮಾತಾಡ್ಸಿದವ್ರಲ್ಲ" ಎನ್ನುತ್ತಾಳೆ. ಅವನು ಹೌದೆಂದು ತಲೆಯಾಡಿಸುತ್ತಾನೆ.